ಗಾದಿ ಕೋಣೆಯಲ್ಲಿ ಕೇಳಿದ ದನಿ

ಕಡಗಂಚಿಯ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನನ್ನ ಜೊತೆ ಕೋಣೆ ಹಂಚಿಕೊಂಡವಳು ಜೇವರ್ಗಿಯ ಹುಡುಗಿ. ನಾನು ಗೊಬ್ಬೂರದಿಂದ ಇಂಗ್ಲಿಷ್ ಎಂ.ಎ. ಓದಲು ಬಂದವಳು, ಅವಳು ಅರ್ಥಶಾಸ್ತ್ರಕ್ಕೆ. ನಾನು ಬೆಳಿಗ್ಗೆ ಸ್ನಾನವಾದ ಮೇಲೆ ಇಷ್ಟಲಿಂಗ ಕೈಯಲ್ಲಿ ಹಿಡಿದು ಕೂಡುತ್ತಿದ್ದೆ. ಅಷ್ಟು ಹೊತ್ತಿಗೆ ಅವಳು ನಮಾಜು ಮುಗಿಸಿ ಜಾನಮಾಜಿನ ಚಾಪೆ ಮಡಚಿ ಇಟ್ಟಿರುತ್ತಿದ್ದಳು. ಮೊದಮೊದಲು ನಮ್ಮ ನಡುವೆ ಮಾತು ಕಡಿಮೆ. ಒಂದು ಮಧ್ಯಾಹ್ನ ಅವಳೇ ತನ್ನ ಕಿವಿಯಿಂದ ಒಂದು ಇಯರ್‌ಫೋನ್ ತೆಗೆದು ನನ್ನ ಕಡೆ ಚಾಚಿದಳು.

“ಕೇಳಿ ನೋಡು. ಈಕಿ ಏನಂತಾಳ ನನಗ ಪೂರಾ ತಿಳಿವಲ್ದು. ನಿನಗ ಇಂಗ್ಲಿಷ್ ಬರ್ತದಲ್ಲ.”

ಅಮೆರಿಕದ ಒಬ್ಬ ಹುಡುಗಿಯ ರ‍್ಯಾಪ್ ಅದು. ವಯಸ್ಸಿನಲ್ಲಿ ನಮ್ಮಷ್ಟೇ ಇದ್ದಿರಬೇಕು. ರ‍್ಯಾಪ್ ಎಂದರೆ ಬೈದಾಟ, ಬಂಗಾರದ ಸರ, ದೊಡ್ಡ ಕಾರು ಎಂದುಕೊಂಡಿದ್ದ ನನಗೆ ಆ ದನಿ ವಿಚಿತ್ರ ಎನಿಸಿತು. ಅವಳು ಹಾಡುತ್ತಲೂ ಇರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಪಕ್ಕದಲ್ಲಿ ಯಾರೋ ಮಲಗಿದ್ದಾರೆ, ಅವರಿಗೆ ಎಚ್ಚರವಾಗಬಾರದು ಎನ್ನುವ ಹಾಗೆ ತುಟಿಯಲ್ಲೇ ಶಬ್ದ ಹುಟ್ಟಿಸುತ್ತಿದ್ದಳು. ತಾಳ ಮುಂದೆ ಹೋಗುತ್ತಿತ್ತು, ಅವಳ ಮಾತು ಕೂದಲೆಳೆಯಷ್ಟು ತಡವಾಗಿ ಹಿಂದೆ ಬರುತ್ತಿತ್ತು. ಪದಗಳ ಕೊನೆಯನ್ನು ನುಂಗಿಬಿಡುತ್ತಿದ್ದಳು. ನಡುನಡುವೆ ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು.

ಆಮೇಲೆ ಗೆಳತಿ ನನಗೆ ಆಕೆಯ ಕಥೆಯನ್ನೆಲ್ಲ ಹೇಳಿದಳು. ಆಕೆಯನ್ನು ಬೆಳೆಸಿದ್ದು ಅಜ್ಜಿ. ಹಗಲು ಒಂದು ತಿಂಡಿ ಅಂಗಡಿಯಲ್ಲಿ ಕೆಲಸ. ಮನೆಗೆ ಬಂದ ಮೇಲೆ ಅಜ್ಜಿಯ ಬಟ್ಟೆ ಕಪಾಟಿನೊಳಗೆ ಕೂತು, ನೇತುಹಾಕಿದ ಕೋಟುಗಳ ನಡುವೆ ಫೋನು ಹಿಡಿದು ರೆಕಾರ್ಡ್ ಮಾಡುತ್ತಿದ್ದಳು. ಬಟ್ಟೆ ಇದ್ದರೆ ದನಿ ಗೋಡೆಗೆ ಬಡಿದು ತಿರುಗಿ ಬರುವುದಿಲ್ಲವಂತೆ. ಒಂದು ಹಾಡು ಜನರ ಫೋನಿನಿಂದ ಫೋನಿಗೆ ಹಾರಿ ಅವಳನ್ನು ಮೇಲೆತ್ತಿತು. ಕಂಪನಿಯವರು ಬಂದರು. ಎರಡನೆಯ ಆಲ್ಬಮ್ಮಿಗೆ ದೊಡ್ಡ ಸ್ಟುಡಿಯೋ, ದೊಡ್ಡ ದೊಡ್ಡ ಡ್ರಮ್ಮು. ಅದು ಚೆನ್ನಾಗಿ ಓಡಿತಾದರೂ ಗೆಳತಿಗೆ ಇಷ್ಟವಾಗಿರಲಿಲ್ಲ. “ಅದರಾಗ ಆಕಿನೇ ಇಲ್ಲ,” ಎನ್ನುತ್ತಿದ್ದಳು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಳು. ಆಕೆ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನೆಲ್ಲ ಬಿಟ್ಟು ಮನೆ ಸೇರಿ, ಡ್ರಮ್ಮಿಲ್ಲದೆ, ಬರೀ ಬೆರಳಿನ ತಾಳಕ್ಕೆ, ಸಣ್ಣ ದನಿಯಲ್ಲಿ ಮೂರನೆಯದನ್ನು ಮಾಡಿದಳು. ನಾನು ಆ ಮಧ್ಯಾಹ್ನ ಕೇಳಿದ್ದು ಅದನ್ನೇ.

ಗೆಳತಿಯೂ ಹಾಡು ಕಟ್ಟುತ್ತಾಳೆ ಎಂದು ಗೊತ್ತಾಗಲು ಇನ್ನೂ ಕೆಲವು ತಿಂಗಳು ಹಿಡಿದವು. ಕನ್ನಡ, ಉರ್ದು ಎರಡೂ ಒಂದೇ ಸಾಲಿನಲ್ಲಿ, ಅವರ ಮನೆಯಲ್ಲಿ ಆಡುವ ಹಾಗೇ. ಬಾಗಿಲು ಹಾಕಿಕೊಂಡು ನನಗೊಬ್ಬಳಿಗೇ ಕೇಳಿಸುತ್ತಿದ್ದಳು. ಯಾಕೆ ನೆಟ್ಟಿನಲ್ಲಿ ಎಲ್ಲೂ ಹಾಕುವುದಿಲ್ಲ ಎಂದು ಕೇಳಿದೆ.

“ಅಬ್ಬಾಗ ಗೊತ್ತಾದ್ರ ಏನಂತಾರೋ. ಅವರು ಹಾಡೋರು. ಇದಕ್ಕ ಹಾಡು ಅಂತಾರೋ ಇಲ್ಲೋ.”

ಅವಳ ಅಬ್ಬಾ ಜೇವರ್ಗಿಯಲ್ಲಿ ಹತ್ತಿ ಹಿಂಜಿ ಗಾದಿ ಮಾಡುವವರು. ಮೊಹರಂ ಬಂದರೆ ಓಣಿಯ ರಿವಾಯತ್ ಮೇಳಕ್ಕೆ ಅವರೇ ಮುಂದಾಳು. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಎತ್ತಿ ಹಾಡಿದರೆ ಹಿಂದೆ ಹಿಮ್ಮೇಳದವರು ಹಿಡಿಯಬೇಕು. ಅವರ ಮೇಳದಲ್ಲಿ ನಮ್ಮ ಕಡೆಯ ಲಿಂಗಾಯತರೂ ಇದ್ದರು.

ನಮ್ಮ ಎರಡನೆಯ ವರ್ಷ ಅವಳ ಅಬ್ಬಾರ ಗಂಟಲಲ್ಲಿ ಗಡ್ಡೆಯಾಯಿತು. ಸೊಲ್ಲಾಪುರಕ್ಕೆ ಒಯ್ದು ಆಪರೇಷನ್ ಮಾಡಿಸಿದರು. ಜೀವ ಉಳಿಯಿತು. ದನಿ ಹೋಯಿತು. ಉಳಿದದ್ದು ಒಣಗಿದ ಎಲೆ ಸರಿದ ಹಾಗೆ ಒಂದು ಪಿಸುಮಾತು ಮಾತ್ರ.

ರಜೆಯಲ್ಲಿ ಗೆಳತಿ ನನ್ನನ್ನೂ ಮನೆಗೆ ಕರೆದಳು. ಅವಳ ಅಮ್ಮಿ ಪಡಸಾಲೆಯಲ್ಲಿ ಕೂತು ದಬ್ಬಣದಿಂದ ಗಾದಿ ಹೊಲಿಯುತ್ತಿದ್ದರು. ಅಬ್ಬಾ ಗೋಡೆಗೊರಗಿ ಕೂತಿದ್ದರು. ಬಾ ಎನ್ನುವುದನ್ನೂ ಕೈಸನ್ನೆಯಲ್ಲೇ ಹೇಳಿದರು. ಮೇಳದವರು ಬಂದು ಮುಂದಿನ ಮೊಹರಮ್ಮಿಗೆ ಬೇರೆಯವರು ಹಾಡಲಿ ಎಂದು ಅವರಿಂದಲೇ ಹೂಂ ಅನ್ನಿಸಿಕೊಂಡು ಹೋಗಿದ್ದರು. ಅಂದಿನಿಂದ ಅಬ್ಬಾ ಪಿಸುಮಾತನ್ನೂ ಕಡಿಮೆ ಮಾಡಿದ್ದರು ಎಂದು ಅಮ್ಮಿ ಒಳಗೆ ನನ್ನ ಹತ್ತಿರ ಹೇಳಿದರು.

ಮರುದಿನ ಮಧ್ಯಾಹ್ನ ನಾವಿಬ್ಬರೂ ಒಂದೊಂದು ಇಯರ್‌ಫೋನ್ ಹಾಕಿಕೊಂಡು ಕೂತಾಗ ಅವರು ಗೆಳತಿಯ ಕಡೆ ಬೆರಳು ತೋರಿಸಿ, ಏನು ಎಂದು ಹುಬ್ಬು ಹಾರಿಸಿದರು. ಅವಳು ಹೆದರುತ್ತಲೇ ವಯರು ಕಿತ್ತು ಫೋನನ್ನು ಅವರ ಮುಂದೆ ನೆಲದ ಮೇಲಿಟ್ಟಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿದರು.

“ಏನಂತಾಳ್ ಬೇಟಾ ಆ ಹುಡುಗಿ?”

“ಅಜ್ಜಿ ಸತ್ತಾಳ್ರಿ ಚಾಚಾ. ಆಕಿ ಬಟ್ಟಿ ಇನ್ನೂ ಕಪಾಟಿನಾಗ ಹಂಗೇ ಅದಾವ, ತೆಗಿಯಾಕ ಕೈ ಬರವಲ್ದು ಅಂತಾಳ್ರಿ.”

“ಆಕಿಗೂ ಗಂಟಲ ಬ್ಯಾನಿ ಏನು?”

“ಇಲ್ರಿ. ಬೇಕಂತನೇ ಹಂಗ ಹಾಡ್ತಾಳ.”

ಅವರು ಫೋನಿನ ಕಡೆ ನೋಡಿದರು. “ಬೇಕಂತ,” ಎಂದರು. “ದನಿ ಇದ್ದೂ.” ಆಮೇಲೆ ಬೆರಳಿನಿಂದ ಅದನ್ನೇ ಮತ್ತೆ ಹಚ್ಚಲು ಹೇಳಿದರು.

ಮುಂದೆ ಎರಡು ದಿನ ಅವರು ಆ ಆಲ್ಬಮ್ಮನ್ನು ಕೇಳುತ್ತಲೇ ಇದ್ದರು. ಸಾಲು ಸಾಲಿಗೆ ನನ್ನಿಂದ ಅರ್ಥ ಹೇಳಿಸಿಕೊಳ್ಳುತ್ತಿದ್ದರು. ಅವಳು ತಾಳಕ್ಕಿಂತ ತಡವಾಗಿ ಬರುವುದನ್ನು ಗಮನಿಸಿ ಮೊಣಕಾಲಿನ ಮೇಲೆ ಬಡಿದು ತೋರಿಸಿದರು. ಆಗ ಗೆಳತಿ ಧೈರ್ಯ ಮಾಡಿದಳು.

“ಅಬ್ಬಾ, ಒಂದು ಪದ ಹಾಡ್ರಿ. ನಾ ರೆಕಾರ್ಡ್ ಮಾಡ್ತೇನಿ.”

“ಹಾಡಂದ್ರ ಹಿಂದಿನ ಓಣಿಗೆ ಕೇಳಬೇಕು. ನನ್ನ ದನಿ ನನಗೇ ಕೇಳವಲ್ದು.”

“ಫೋನಿಗೆ ಕೇಳಸ್ತದ. ಅಷ್ಟೇ ಸಾಕು.”

ಗಾದಿ ತುಂಬಿಡುವ ಒಳಕೋಣೆಗೆ ಹೋದೆವು. ಮೂರೂ ಕಡೆ ಗಾದಿಗಳ ಒಟ್ಟಿಲು, ಮೂಲೆಯಲ್ಲಿ ಹಿಂಜಿದ ಹತ್ತಿ. ನಾವು ಮಾತಾಡಿದ್ದು ಬಾಯಿ ಬಿಟ್ಟ ಕೂಡಲೇ ಮೆತ್ತಗೆ ಸತ್ತುಹೋಗುತ್ತಿತ್ತು. ಗೆಳತಿ ಫೋನನ್ನು ಅವರ ತುಟಿಗೆ ತಾಗುವಷ್ಟು ಹತ್ತಿರ ಹಿಡಿದಳು. ಅವರು ಒಂದು ರಿವಾಯತ್ ಪದ ತೆಗೆದರು. ಕರ್ಬಲಾದ ನೀರಿಲ್ಲದ ಡೇರೆಯಲ್ಲಿ ಮಗುವನ್ನು ಸಮಾಧಾನ ಮಾಡುವ ತಾಯಿಯ ಪದ. ಮೊದಲ ಸಾಲಿಗೇ ರೂಢಿಯಂತೆ ದನಿ ಎತ್ತಲು ಹೋದರು, ಕೆಮ್ಮು ಬಂತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಎತ್ತಲಿಲ್ಲ. ಆ ತಾಯಿ ಮಗುವಿನ ಕಿವಿಯಲ್ಲಿ ಹೇಳಿದಷ್ಟೇ ಮೆಲ್ಲಗೆ ಹೇಳಿದರು. ನಾನು ಅಲ್ಲಿದ್ದ ತಗಡಿನ ಪೆಟ್ಟಿಗೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದೆ. ಅವರು ನನಗಿಂತ ತುಸು ಹಿಂದೆ ಬರುತ್ತಿದ್ದರು.

ಪದ ನಿಂತಿತು ಎಂದುಕೊಂಡಾಗ ಗೆಳತಿ ತಾನಾಗಿಯೇ ಶುರು ಮಾಡಿದಳು. ಕನ್ನಡವೂ ಉರ್ದುವೂ ಬೆರೆತ ಅವಳದೇ ಸಾಲುಗಳು. ಊರಿಗೆಲ್ಲ ಗಾದಿ ಹೊಲಿದು ತಾನು ಚಾಪೆಯ ಮೇಲೆ ಮಲಗುವ ಒಬ್ಬನ ಬಗ್ಗೆ. ಅವಳು ನೆಲ ನೋಡುತ್ತಿದ್ದಳು. ಅಬ್ಬಾ ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಯಾವಾಗ ಕಲ್ತಿ?” ಎಂದರು.

“ಹಾಸ್ಟೆಲಿನಾಗ.”

“ಕಲಸಿದವರ‍್ಯಾರು?”

ಅವಳು ಸುಮ್ಮನೆ ಫೋನನ್ನು ತೋರಿಸಿದಳು. ಅವರು ತಲೆಯಾಡಿಸಿದರು. ಬೈಯಲಿಲ್ಲ, ಹೊಗಳಲೂ ಇಲ್ಲ. “ಎರಡನೇ ಸಾಲು ಗಿಡ್ಡ ಆಗೇದ. ಇನ್ನೊಂದು ಮಾತು ಕೂಡಸು,” ಎಂದರು.

ಪಡಸಾಲೆಗೆ ಬಂದು ರೆಕಾರ್ಡ್ ಮಾಡಿದ್ದನ್ನು ಹಚ್ಚಿದೆವು. ಅಮ್ಮಿ ಹೊಲಿಗೆ ಬಿಡದೆ ಕೇಳುತ್ತಿದ್ದವರು ಗಂಡನ ದನಿ ಬಂದೊಡನೆ ದಬ್ಬಣವನ್ನು ಗಾದಿಯಲ್ಲೇ ನಿಲ್ಲಿಸಿಬಿಟ್ಟರು. ಮುಗಿಯುವವರೆಗೂ ಅಲುಗಲಿಲ್ಲ. ಆಮೇಲೆ ನನ್ನ ಕಡೆ ನೋಡಿ, ಮೆಲ್ಲಗೆ ಹೇಳಿದರು:

“ಹೆಣ್ಮಕ್ಕಳು ನಾವು ದೂರ ಮಾಳಿಗಿ ಮ್ಯಾಲ ನಿಂತು ಕೇಳೋದ್ ನೋಡವ್ವಾ. ಇಷ್ಟ್ ವರ್ಷ ಆತು, ಇವರ ಹಾಡು ಹತ್ರದಿಂದ ನಾ ಕೇಳೇ ಇಲ್ಲ.”

ಅಬ್ಬಾ ಅವರತ್ತ ತಿರುಗಿದರು. ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಆ ವರ್ಷ ಮೊಹರಮ್ಮಿನಲ್ಲಿ ಅವರು ಮೇಳದ ಜೊತೆ ಕೂತರಂತೆ, ಹಾಡಲಿಲ್ಲ. ಹೊಸದಾಗಿ ಹಾಡುವವನು ತಪ್ಪಿದಲ್ಲಿ ಕಿವಿಯಲ್ಲಿ ಹೇಳಿಕೊಟ್ಟರಂತೆ. ಗಾದಿ ಕೋಣೆಯಲ್ಲಿ ಇನ್ನೂ ಕೆಲವು ಪದಗಳನ್ನು ಮಗಳ ಫೋನಿಗೆ ಹಾಡಿಕೊಟ್ಟರು. ಈ ದನಿಯನ್ನು ಊರ ಮುಂದೆ ಇಡಬೇಡ, ಇದು ಮನೆಯ ಮಾತು ಎಂದರು. ಚಳಿಗಾಲದಲ್ಲಿ ಗಡ್ಡೆ ಮತ್ತೆ ಕಾಣಿಸಿತು, ಈ ಸಲ ಯಾರ ಕೈಯಲ್ಲೂ ಏನೂ ಆಗಲಿಲ್ಲ. ಅವರ ಮಣ್ಣಿಗೆ ನಾನೂ ಹೋಗಿದ್ದೆ. ಗಂಡಸರು ಜನಾಜಾ ಹೊತ್ತುಕೊಂಡು ಹೋದ ಮೇಲೆ ನಾವು ಹೆಂಗಸರು ಪಡಸಾಲೆಯಲ್ಲಿ ಉಳಿದೆವು. ಗೆಳತಿ ಅಳಲಿಲ್ಲ. ಒಳಕೋಣೆಗೆ ಹೋಗಿ ಗಾದಿಗಳ ನಡುವೆ ಕೂತಳು, ನಾನು ಪಕ್ಕದಲ್ಲಿ ಕೂತೆ. ಅಲ್ಲಿ ಅವಳಿಗೆ ಅಳು ಬಂತು. ಆ ಅಳು ಕೋಣೆಯಿಂದ ಹೊರಗೆ ಕೇಳಿಸಲಿಲ್ಲ.

ಅವಳು ಅಪ್ಪನ ದನಿಯನ್ನು ಎಲ್ಲೂ ಹಾಕಲಿಲ್ಲ. ತನ್ನ ಹಾಡುಗಳನ್ನು ಹಾಕುತ್ತಾಳೆ. ಕಲಬುರಗಿಯ ಕಡೆ ಕೆಲವರು ಕೇಳುತ್ತಾರೆ, ಕೆಲವರು ಹೆಣ್ಣುಮಗಳು ಹೀಗೆ ಮಾಡಬಾರದು ಎಂದು ಬರೆಯುತ್ತಾರೆ. ಅಮ್ಮಿ ಯಾವುದಕ್ಕೂ ಬೇಡ ಎಂದಿಲ್ಲ. ನಾನು ಆಳಂದದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ಹೋದ ತಿಂಗಳು ಅವಳು ಫೋನು ಮಾಡಿದಳು. ಅಮೆರಿಕದ ಆ ಹುಡುಗಿಯ ನಾಲ್ಕನೆಯ ಆಲ್ಬಮ್ ಬಂದಿತ್ತು.

“ಕೇಳ್ದೇನು?”

“ಕೇಳ್ದೆ. ಮದಲಿನಂಗಿಲ್ಲ. ಜೋರು ದನೀಲೆ ಹಾಡಾಕತ್ಯಾಳ.”

ನಿಜವಾಗಿಯೂ ಆಕೆ ಆ ಪಿಸುಮಾತು ಬಿಟ್ಟಿದ್ದಳು. ಎದೆ ತುಂಬ ಉಸಿರು ತೆಗೆದುಕೊಂಡು, ಪದಗಳ ಕೊನೆ ನುಂಗದೆ, ತಾಳದ ಮೇಲೇ ನಿಂತು ಹಾಡುತ್ತಿದ್ದಳು. ನನಗೆ ತುಸು ಬೇಸರವಾಗಿತ್ತು, ಅದನ್ನು ಹೇಳಿದೆ.

“ಹಾಡ್ಲಿ ಬಿಡು,” ಎಂದಳು ಗೆಳತಿ. “ಆಕಿಗೆ ದನಿ ಅದ.”