ನನ್ನ ಪುಟ್ಟ ಕಾರು, ಗಂಗಕ್ಕನ ಹೈಬ್ರಿಡ್ಡು

ಕಾರಿಗೊಂದು ಅಂಗಿ ಹೊಲಿಸಬೇಕೆಂದು ಹೋದಾಗ ಮಸ್ಕಿಯ ದರ್ಜಿ ಮೊದಲು ನಕ್ಕ. ಆಮೇಲೆ ಕೊರಳಿನ ಟೇಪು ತೆಗೆದು, ಮದುಮಗನ ಅಳತೆ ತೆಗೆಯುವಷ್ಟೇ ಗಂಭೀರನಾಗಿ ಅದರ ಎದೆ, ಬೆನ್ನು, ಸೊಂಟಗಳನ್ನು ಅಳೆದು ಚೀಟಿಯಲ್ಲಿ ಬರೆದುಕೊಂಡ. "ಎರಡೂ ಕನ್ನಡಿಗೆ ಕಿವಿ ಬಿಡಬೇಕೇನ್ರೀ ಟೀಚರ್?" ಎಂದು ಕೇಳಿದ. ಬಿಡು ಎಂದೆ. ಹಾಗೆ ದಪ್ಪ ಬಟ್ಟೆಯ, ಎರಡು ಕಿವಿಗಳ ಹೊದಿಕೆಯೊಂದು ನನ್ನ ಪುಟ್ಟ ಬಿಳಿ ಕಾರಿನ ಮೈಮೇಲೆ ಬಂತು. ತೊಂಬತ್ತರ ದಶಕದ ಆರಂಭದ ಮಾತು. ನಾನು ಮಸ್ಕಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಸಂಬಳದಲ್ಲಿ ನಾನೇ ಕೊಂಡ, ನಾನೇ ಓಡಿಸುವ ಕಾರದು. ನಮ್ಮ ಮನೆತನದಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು ನಾನು ಎಂಬ ಹೆಮ್ಮೆಯನ್ನು ಬಾಯಿ ಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಆ ಹೆಮ್ಮೆಗೆ ಮಾತ್ರ ಯಾವ ಹೊದಿಕೆಯೂ ಇರಲಿಲ್ಲ.

ಅದೇ ಕಾಲಕ್ಕೆ ವಳಕಮದಿನ್ನಿಯಲ್ಲಿ ನನ್ನ ಅಕ್ಕ ಗಂಗಕ್ಕನ ಮನೆಯ ಮುಂದೆ ಇನ್ನೊಂದು ವಾಹನ ನಿಂತಿರುತ್ತಿತ್ತು. ಅದನ್ನು ಕಾರು ಎನ್ನುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಮೈಕಟ್ಟು ಹಳೆಯದೊಂದು ದೊಡ್ಡ ಪೆಟ್ರೋಲ್ ಕಾರಿನದು. ಎಂಜಿನ್ ಎಲ್ಲಿಯೋ ಮುರಿದು ಬಿದ್ದಿದ್ದ ಡೀಸೆಲ್ ವ್ಯಾನಿನದು. ಹಿಂದಿನ ಸೀಟು ಬಸ್ಸಿನದು. ಎಡಗಡೆಯ ಬಾಗಿಲು ಹಗ್ಗದ ಭರವಸೆಯಲ್ಲಿ ನಿಂತಿತ್ತು. ಇವೆಲ್ಲವನ್ನೂ ಒಂದುಗೂಡಿಸಿ ಜೀವ ತುಂಬಿದವನು ಮಸ್ಕಿಯ ಮೇಸ್ತ್ರಿ ಲಾಲ್‌ಸಾಬ್. ಹೆಸರಿಟ್ಟವನು ನನ್ನ ಭಾವ. ಕಾಲುವೆಯ ನೀರಿಗೆ ನೆಲ್ಲು ಹಚ್ಚುವ ಮೊದಲು ಹೊಲದಲ್ಲಿ ಹೈಬ್ರಿಡ್ ಜೋಳ, ಹೈಬ್ರಿಡ್ ಹತ್ತಿ ಬೆಳೆದು ನೋಡಿದ್ದ ಮನುಷ್ಯ. "ಜ್ವಾಳ ಹೈಬ್ರಿಡ್ ಆದೀತು, ಹತ್ತಿ ಹೈಬ್ರಿಡ್ ಆದೀತು, ಕಾರು ಯಾಕ ಆಗಬಾರದು?" ಎಂದು ನಗುತ್ತಿದ್ದ. ಊರೆಲ್ಲ ಅದನ್ನು ಹೈಬ್ರಿಡ್ ಗಾಡಿ ಎಂದೇ ಕರೆಯಿತು.

ಎರಡರಲ್ಲಿ ಓಡಿಸಲು ಯಾವುದು ಹಿತ, ಸಾಕಲು ಯಾವುದು ಸುಲಭ ಎಂಬ ಜಿಜ್ಞಾಸೆ ಭಾವನಿಗೂ ನನಗೂ ಪ್ರತಿ ಭೇಟಿಯಲ್ಲಿ ನಡೆಯುತ್ತಿತ್ತು. ನನ್ನದು ಕುಡಿಯುವುದು ಕಡಿಮೆ, ಸದ್ದು ಕಡಿಮೆ, ಸಂತೆಯ ಗದ್ದಲದಲ್ಲೂ ಸೂಜಿಯಂತೆ ನುಸುಳುತ್ತದೆ ಎಂದು ನಾನು ವಾದಿಸುತ್ತಿದ್ದೆ. ನಿನ್ನದಕ್ಕೆ ಒಂದು ಸಣ್ಣ ತಿರುಪು ಬೇಕಾದರೂ ರಾಯಚೂರಿಗೆ ಓಡಬೇಕು, ನನ್ನದನ್ನು ನೀರೆತ್ತುವ ಪಂಪು ರಿಪೇರಿ ಮಾಡುವವನೂ ಎಬ್ಬಿಸಿ ನಿಲ್ಲಿಸುತ್ತಾನೆ ಎಂದು ಅವನು ತಿರುಗಿ ಹೇಳುತ್ತಿದ್ದ. ಅಕ್ಕ ಚಹಾ ತಂದಿಟ್ಟು ಕಂಬಕ್ಕೊರಗಿ ಕೇಳುತ್ತಿದ್ದಳು. ಅವಳ ತುಟಿಯಂಚಿನ ನಗೆಯನ್ನು ನಾನು ನೋಡಿದ್ದೆ. ಅದರ ಅರ್ಥ ಕೇಳುವ ಕುತೂಹಲ ಮಾತ್ರ, ಲೋಕದಲ್ಲಿ ಕಂಡಿದ್ದನ್ನೆಲ್ಲ ಪ್ರಶ್ನಿಸಬೇಕೆಂದು ಮಕ್ಕಳಿಗೆ ಬೋಧಿಸುವ ನನಗೆ ಬರಲಿಲ್ಲ.

ಹೀಗಿರುವಾಗ ಒಂದು ವರ್ಷ ಹತ್ತನೆಯ ತರಗತಿಯ ಪರೀಕ್ಷೆಗಳು ಶುರುವಾಗುವ ಹಿಂದಿನ ಸಂಜೆ, ಮರುದಿನದಿಂದ ಬಸ್ಸುಗಳ ಮುಷ್ಕರ ಎಂಬ ಸುದ್ದಿ ಬಂತು. ನಮ್ಮ ಮಕ್ಕಳ ಪರೀಕ್ಷಾ ಕೇಂದ್ರ ಇದ್ದದ್ದು ಲಿಂಗಸುಗೂರಿನಲ್ಲಿ. ಹುಡುಗರನ್ನು ಅವರವರ ಅಣ್ಣಂದಿರು ಮೋಟರ್ ಸೈಕಲ್ಲಿನ ಮೇಲೆ ಕರೆದೊಯ್ಯುತ್ತಾರೆ; ಹುಡುಗಿಯರನ್ನು, ಆಯಿತು ಬಿಡು ಮುಂದಿನ ಸಲ ಬರೆದರಾಯಿತು ಎಂದು ಮನೆಯಲ್ಲಿ ಕೂಡಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಮುಂದಿನ ಸಲ ಬರುವುದೇ ಇಲ್ಲವೆಂದು ನನಗೆ ಗೊತ್ತಿತ್ತು. ವಿಚಾರಿಸಿದೆ. ಹೋಗಲು ದಾರಿಯಿಲ್ಲದವರು ಒಂಬತ್ತು ಮಂದಿ. ನನ್ನ ಕಾರಿನಲ್ಲಿ ಹಿಡಿಸುವುದು ನಾಲ್ವರು. ಉಳಿದ ಐವರ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು, ಬೆಳಗಾಗುತ್ತಲೇ ವಳಕಮದಿನ್ನಿಗೆ ಕಾರು ಬಿಟ್ಟೆ.

ಅಂಗಳದಲ್ಲಿ ಅಕ್ಕನ ಅತ್ತೆ ನೀಲಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ಆ ಮನೆಯಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಚಮಚವೂ ಜಾಗ ಬದಲಿಸುತ್ತಿರಲಿಲ್ಲ. ಹುಡುಗಿಯರ ಸಂಗತಿ ಹೇಳಿ, ಭಾವ ಎಲ್ಲಿ ಎಂದು ಕೇಳಿದೆ.

"ಅವ ಸಿಂಧನೂರಿಗೆ ಹೋಗ್ಯಾನವಾ," ಎಂದರು. "ನೆಲ್ಲು ಹೇರಿಕೊಂಡು ಟ್ರ್ಯಾಕ್ಟರ್ ಒಯ್ದಾನ, ಮಿಲ್ಲಿಗೆ. ಮಧ್ಯಾಹ್ನ ಬರ್ತಾನ. ಗಾಡಿ ಐತಿ ನೋಡು, ಹೊಡಿಯಾವ ಇಲ್ಲ."

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಅಕ್ಕ ಬಂದಳು. ಗೂಟಕ್ಕೆ ತೂಗುಹಾಕಿದ್ದ ಕೀಲಿಕೈಯನ್ನು ತೆಗೆದುಕೊಂಡಳು.

"ನಡಿ, ನಾ ಹೊಡೀತೀನಿ."

ಮೊರ ನಿಂತಿತು. "ಏನಂದಿ?" ಎಂದರು ನೀಲಮ್ಮ.

"ಗಾಡಿ ನಾ ಹೊಡೀತೀನ್ರಿ ಅತ್ತಿ. ಒಂದು ವರ್ಷ ಆತು, ಅವರ ರಟ್ಟಿ ನೋವಾದಾಗ ಕಾಲುವಿ ದಂಡಿ ಮ್ಯಾಲ ಕಲಿಸ್ಯಾರ. ಹೊಲಕ್ಕ ಹೋಗೂವಾಗ ಊರು ದಾಟೂತನಕ ಅವರು ಹೊಡೀತಾರ, ಆಮ್ಯಾಲ ನಾನ."

ನೀಲಮ್ಮ ಬೈಯಲಿಲ್ಲ, ತಡೆಯಲಿಲ್ಲ. ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, ಮೊರವನ್ನು ಕೆಳಗಿಟ್ಟು, ಎದ್ದು ಒಳಗೆ ಹೋದರು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದಳು. ಹೈಬ್ರಿಡ್ಡು ಕೆಮ್ಮಿ, ಕರಿ ಹೊಗೆ ಉಗುಳಿ ಎದ್ದಿತು. ಚಹಾದಂಗಡಿಯ ಮುಂದೆ ಕುಳಿತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತದ್ದನ್ನು ನಾನು ನನ್ನ ಕನ್ನಡಿಯಲ್ಲಿ ಕಂಡೆ. ಮನೆತನದ ಮೊದಲ ಹೆಂಗಸೆಂಬ ಬಿರುದಿನಲ್ಲಿ ಅರ್ಧ ಪಾಲು ಕೈಬಿಟ್ಟು ಹೋದದ್ದಕ್ಕೆ ನನಗೆ ಹೊಟ್ಟೆಕಿಚ್ಚಾಗಲಿಲ್ಲವೆಂದು ಹೇಳಿದರೆ, ಓದುಗ ಮಿತ್ರರೇ, ನೀವು ನಂಬಬೇಡಿ.

ಮಸ್ಕಿಯಲ್ಲಿ ಒಂಬತ್ತು ಹುಡುಗಿಯರೂ ಕಾದಿದ್ದರು. ಅವರಲ್ಲಿ ಒಬ್ಬಳು ಶಮೀಮ್, ಲಾಲ್‌ಸಾಬನ ಮಗಳು. ಅವಳ ಪಕ್ಕದಲ್ಲಿ ಸ್ವತಃ ಲಾಲ್‌ಸಾಬ್ ನಿಂತಿದ್ದ. ತಾನೇ ಕೂಡಿಸಿದ ಗಾಡಿಯಿಂದ ಗಂಗಕ್ಕ ಇಳಿದದ್ದನ್ನು ಕಂಡು ಮಗಳ ಕೈ ಹಿಡಿದುಕೊಂಡ.

"ಗೌಡ್ರು ಎಲ್ಲಿ ಅದಾರ್ರಿ?" ಎಂದು ಭಾವನ ಬಗ್ಗೆ ವಿಚಾರಿಸಿದ.

"ಅವರು ಬಂದಿಲ್ಲ. ನಾ ಒಯ್ತೀನಿ."

"ಇದು ಸಾದಾ ಗಾಡಿ ಅಲ್ಲರಿ ಅಕ್ಕಾರ. ಮೂರನೇ ಗೇರು ಸುಮ್ಮನ ಬೀಳಂಗಿಲ್ಲ. ಕ್ಲಚ್ಚು ಎರಡು ಸಲ ತುಳೀಬೇಕು."

"ಎರಡು ಸಲ ತುಳಿದು, ನಡುವ ಒಂಚೂರು ರೇಸ್ ಕೊಟ್ರ ಬೆಣ್ಣಿಯಂಗ ಬೀಳತೈತ್ರಿ," ಎಂದಳು ಅಕ್ಕ.

ಲಾಲ್‌ಸಾಬ್ ಮಗಳ ಕೈ ಬಿಟ್ಟ. "ಬೈಠೋ ಬೇಟಿ," ಎಂದು ಮಗಳನ್ನು ಹಿಂದೆ ಕೂಡಿಸಿ, ತಾನು ಮುಂದೆ ಹತ್ತಿದ. ನಂಬಿಕೆಯೋ ಕಾವಲೋ ತಿಳಿಯಲಿಲ್ಲ.

ಮಸ್ಕಿ ದಾಟಿ ಅರ್ಧ ದಾರಿ ಕ್ರಮಿಸಿದ್ದೆವು. ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂದು, ನಾನು ಗಡಬಡಿಸಿ ಬ್ರೇಕು ಒತ್ತಿದಾಗ ಎಂಜಿನ್ ನಿಂತಿತು. ಕುರಿಗಳು ದಾಟಿ ಹೋದ ಮೇಲೆ ಕೀಲಿ ತಿರುವಿದೆ. ಟಿಕ್ ಎಂದಿತು. ಮತ್ತೆ ತಿರುವಿದೆ. ಟಿಕ್. ಅಷ್ಟೇ. ಗಡಿಯಾರದಲ್ಲಿ ಒಂಬತ್ತೂವರೆ; ಹತ್ತೂವರೆಗೆ ಪರೀಕ್ಷೆ. ಸೀಟಿನಲ್ಲಿದ್ದ ನಾಲ್ವರೂ ನನ್ನನ್ನೇ ನೋಡಿದರು. ಒಬ್ಬಳು ಅಳಲು ಶುರುಮಾಡಿದಳು.

ಹಿಂದಿನಿಂದ ಅಕ್ಕ ಬಂದು ಗಾಡಿ ನಿಲ್ಲಿಸಿ ಇಳಿದಳು. "ಬಾನೆಟ್ ತಗಿ." ಅದನ್ನು ಒಳಗಿನಿಂದ ಬಿಡಿಸುವ ಹಿಡಿಕೆ ಎಲ್ಲಿದೆಯೆಂದು ಹುಡುಕಲು ನನಗೆ ಎರಡು ನಿಮಿಷ ಹಿಡಿಯಿತು. ದಿನವೂ ಒರೆಸಿ ಹೊಳೆಸಿದ, ಅಂಗಿ ತೊಡಿಸಿದ ಕಾರಿನ ಒಡಲನ್ನು ನಾನು ಅದುವರೆಗೆ ತೆರೆದು ನೋಡಿಯೇ ಇರಲಿಲ್ಲ.

ಬ್ಯಾಟರಿಯ ತುದಿಗಳ ಮೇಲೆ ಬಿಳಿ-ಹಸಿರು ಹುಡಿ ಬೂಷ್ಟಿನಂತೆ ಬೆಳೆದಿತ್ತು. ಆಮ್ಲವೂ ಲೋಹವೂ ಸೇರಿದರೆ ಏನಾಗುತ್ತದೆಂದು ನಾನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆದು ಕಲಿಸುತ್ತಿದ್ದೆ. ಕಲಿಸಿದ್ದೇ ಕಣ್ಣೆದುರಿಗಿದ್ದರೂ ಗುರುತು ಸಿಗಲಿಲ್ಲ. ಅಕ್ಕ ತನ್ನ ಸೀಟಿನ ಕೆಳಗಿನಿಂದ ನಟ್ಟು ಬಿಚ್ಚುವ ಪಾನಾ ತಂದಳು. ತಂತಿಗಳನ್ನು ಸಡಿಲಿಸಿ, ಹುಡಿಯನ್ನು ಚಾಕುವಿನಿಂದ ಕೆರೆದು, ನೀರು ಸುರಿದು ತೊಳೆದು, ಒರೆಸಿ, ಮತ್ತೆ ಬಿಗಿದಳು. ಲಾಲ್‌ಸಾಬ್ ಕೈ ಹಾಕಲಿಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಅವಳ ಬೆರಳುಗಳನ್ನೇ ನೋಡುತ್ತ ನಿಂತಿದ್ದ.

"ಈಗ ಕೀಲಿ ತಿರುವು, ತಂಗಿ."

ತಿರುವಿದೆ. ಎಂಜಿನ್ ಎದ್ದಿತು. ಹುಡುಗಿಯರು ಕೂಗಿದ ಕೂಗಿಗೆ ದೂರದ ಕುರಿಗಳು ಚದುರಿದವು.

ಆಗ ಲಾಲ್‌ಸಾಬ್ ಬಾಯಿ ಬಿಟ್ಟ: "ಒಂದು ವರ್ಷದಿಂದ ನೋಡಾಕತ್ತೀನ್ರಿ ಅಕ್ಕಾರ. ಮದಲ ಆರು ತಿಂಗಳಿಗೊಮ್ಮೆ ಕ್ಲಚ್ ಪ್ಲೇಟ್ ಸವೀತಿತ್ತು. ಈಗ ಸವಿಯಾದಿಲ್ಲ. ಇದು ಗೌಡ್ರ ಕಾಲಲ್ಲ, ಯಾವುದೋ ಹಗುರ ಕಾಲು ಅಂತ ನನಗ ಗೊತ್ತಿತ್ತು. ಯಾರ ಕಾಲು ಅಂತ ಗೊತ್ತಿದ್ದಿಲ್ಲ."

ಅಕ್ಕನ ಮುಖ ಕೆಂಪಾಯಿತು. ಹೊಗಳಿಕೆಯನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಪಾನಾವನ್ನು ಮೂರು ಸಲ ಒರೆಸಿದಳು.

ಗಂಟೆ ಹೊಡೆಯುವ ಮುನ್ನ ಒಂಬತ್ತು ಹುಡುಗಿಯರೂ ಕೇಂದ್ರದ ಬಾಗಿಲು ದಾಟಿದರು. ಶಮೀಮ್ ತಿರುಗಿ ಅಪ್ಪನಿಗೆ ಕೈ ಬೀಸಿದಳು. ನಾವು ಮೂವರೂ ಹೊರಗೆ ಹೊಂಗೆ ಮರದ ನೆರಳಿನಲ್ಲಿ ಕುಳಿತೆವು. ಕೆಲಸ ಮುಗಿದ ಮೇಲೆ ಅಕ್ಕನಿಗೆ ಹೆದರಿಕೆ ಬಂತು.

"ಬೈದ್ರ ತಾಳಕೋಬಹುದು. ಅತ್ತಿ ಸುಮ್ಮನಾದ್ರ ತಿಂಗಳುಗಟ್ಟಲೆ ಸುಮ್ಮನಿರ್ತಾರ. ನಿಮ್ಮ ಭಾವನ ಮ್ಯಾಲೂ ಸಿಟ್ಟಾಗ್ತಾರ, ನನಗ ಕಲಿಸ್ಯಾರಲ್ಲ ಅಂತ."

"ನಾನೂ ಬರ್ತೀನಿ," ಎಂದೆ.

ಪರೀಕ್ಷೆ ಮುಗಿದು ಹುಡುಗಿಯರನ್ನು ಕೂಡಿಸಿಕೊಂಡು ಮರಳುವಾಗ ಅವಳ ಮನಸ್ಸು ತಿರುಗಿಸಲೆಂದು ಕೀಲಿಕೈ ಬದಲಿಸಿಕೊಂಡೆವು. ನನ್ನ ಬಹುದಿನದ ಜಿಜ್ಞಾಸೆಗೆ ಅಂದು ಉತ್ತರ ಸಿಕ್ಕಿತೆನ್ನಬೇಕು, ಅಥವಾ ಪ್ರಶ್ನೆಯೇ ಬದಲಾಯಿತೆನ್ನಬೇಕು. ನನ್ನ ಕಾರಿನಲ್ಲಿ ಕುಳಿತರೆ ಊರು ತಾನಾಗಿ ಬಂದುಬಿಡುತ್ತಿತ್ತು. ದಾರಿಯ ನೆನಪೇ ಉಳಿಯುತ್ತಿರಲಿಲ್ಲ. ಈ ಹೈಬ್ರಿಡ್ಡಿನಲ್ಲಿ ಪ್ರತಿ ಏರೂ ತೋಳಿಗೆ ತಿಳಿಯಿತು, ಪ್ರತಿ ಗೇರೂ ಒಂದು ಒಪ್ಪಂದವಾಯಿತು. ಕಿವಿ, ಕಾಲು, ಬೆನ್ನು ಎಲ್ಲವನ್ನೂ ಅದು ಕೆಲಸಕ್ಕೆ ಕರೆಯಿತು. ಮೂರನೆಯ ಗೇರಿಗೆ ನಾಲ್ಕು ಸಲ ಸೋತು ಐದನೆಯ ಸಲ ಗೆದ್ದಾಗ, ಪಕ್ಕದಲ್ಲಿದ್ದ ಲಾಲ್‌ಸಾಬ್ "ಶಾಭಾಷ್" ಎಂದ. ಪದವಿಯ ಪತ್ರ ಕೈಗೆ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ. ಅಕ್ಕನಿಗೆ ನನ್ನ ಕಾರು ಹಿಡಿಸಿತ್ತೇ? ಮಸ್ಕಿಯಲ್ಲಿ ಹುಡುಗಿಯರನ್ನು ಇಳಿಸಿದಾಗ ಕೇಳಿದೆ.

"ಭಾಳ ಚೊಲೋ ಐತಿ. ಕೈ ನೋಯಂಗಿಲ್ಲ, ಕಾಲು ನೋಯಂಗಿಲ್ಲ. ಹಾಡು ಹೇಳಬಹುದು." ಸ್ವಲ್ಪ ತಡೆದು ಕೇಳಿದಳು: "ನೀ ಒಬ್ಬಾಕಿನ ಇದರಾಗ ಎಲ್ಲೆಲ್ಲಿ ಹೋಗೀಯ?"

ಮನೆಯಿಂದ ಶಾಲೆ, ಶಾಲೆಯಿಂದ ಮನೆ, ತಿಂಗಳಿಗೊಮ್ಮೆ ಅವಳ ಊರು. ಹೇಳಲು ನಾಚಿಕೆಯಾಯಿತು. ಕೀಲಿಕೈಗಳನ್ನು ಮತ್ತೆ ಬದಲಿಸಿಕೊಂಡು ಹೊರಟೆವು.

ವಳಕಮದಿನ್ನಿ ಮುಟ್ಟಿದಾಗ ಇಳಿಹೊತ್ತು. ಭಾವ ಮಿಲ್ಲಿನಿಂದ ಬಂದು, ಅಪರಾಧಿಯಂತೆ ಕಟ್ಟೆಯ ತುದಿಯಲ್ಲಿ ಕುಳಿತಿದ್ದ. ನೀಲಮ್ಮ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಗಾಡಿ ನಿಲ್ಲಿಸಿ, ಇಳಿದು, ಅಲ್ಲೇ ನಿಂತಳು. ಮುಂದೆ ಹೆಜ್ಜೆಯಿಡಲಿಲ್ಲ. ನಾನು ಇಳಿದು ಅವಳ ಪಕ್ಕಕ್ಕೆ ಬಂದೆ.

"ಹುಡುಗ್ಯಾರು ಹೊತ್ತಿಗೆ ಮುಟ್ಟಿದ್ರೇನು?" ಎಂದರು ನೀಲಮ್ಮ.

"ಮುಟ್ಟಿದ್ರು ಅತ್ತಿ."

"ಎಲ್ಲಾರೂ?"

"ಒಂಬತ್ತು ಮಂದೀನೂ."

ನೀಲಮ್ಮ ಸೊಸೆಯ ಕೈಗೆ ಮೆತ್ತಿದ್ದ ಎಣ್ಣೆಯ ಮಸಿಯನ್ನು ನೋಡಿದರು. ಮಗನನ್ನು ಒಮ್ಮೆ ನೋಡಿದರು. ಆಮೇಲೆ ಕೈತೊಳೆಯಲು ಚೊಂಬಿನಲ್ಲಿ ನೀರು ತಂದು ತಾವೇ ಹನಿಸುತ್ತ ಕೇಳಿದರು:

"ನಾಳಿ ಪರೀಕ್ಷಾಕ್ಕ ಎಷ್ಟೊತ್ತಿಗೆ ಹೊಂಡ್ತಿ? ರೊಟ್ಟಿ ನಾ ಬಡೀತೀನಿ."