ಅಪ್ಪನ ಮೈಕಟ್ಟಿನ ಹುಡುಗಿ

ಫಿಕ್ರಿಯ ಮನೆತನದವರೆಲ್ಲ ಒಂದೇ ಅಚ್ಚಿನವರು. ಗಿಡ್ಡ ಕತ್ತು, ಅಗಲ ಭುಜ, ದಿಮ್ಮಿಯಂಥ ಸೊಂಟ, ಗಟ್ಟಿ ಮಣಿಕಟ್ಟು. ಅವನ ತಾತ ಅಲೆಕ್ಸಾಂಡ್ರಿಯಾದ ಬಂದರಿನಲ್ಲಿ ಹತ್ತಿಯ ಮೂಟೆ ಹೊತ್ತವನು. ಅಪ್ಪ ಅದೇ ಬಂದರಿನಲ್ಲಿ ಮರ ಇಳಿಸಿದವನು. ಫಿಕ್ರಿ ಬಾಕೋಸ್ ಪೇಟೆಯ ರೊಟ್ಟಿ ಭಟ್ಟಿಯಲ್ಲಿ ಹಿಟ್ಟು ನಾದುತ್ತಿದ್ದ. ಮದುವೆಯ ದಿನ ಹೆಂಡತಿಯ ಕಡೆಯವರು, "ನಮ್ಮ ಇಬ್ತಿಸಾಮ್‌ನ ಕೊಟ್ಟಿದ್ದು ಗಂಡಿಗಲ್ಲ, ಬೀರುವಿಗೆ" ಎಂದು ನಕ್ಕಿದ್ದರು. ಅವನೂ ನಕ್ಕಿದ್ದ. ಆ ಮೈ ಅವನಿಗೆ ಅನ್ನ ಕೊಡುತ್ತಿತ್ತು. ಅದರ ಬಗ್ಗೆ ಬೇಸರಪಡುವುದಕ್ಕೆ ಅವನಿಗೆ ಕಾರಣವೇ ಇರಲಿಲ್ಲ.

ಮಗಳು ರದ್ವಾ ಹುಟ್ಟಿದಾಗ ತಾಯಿಯನ್ನೇ ಹೋತಿದ್ದಳು. ಎಳೆ ಬಳ್ಳಿಯಂತೆ ಬಳುಕುವ ಮೈ. ನಡೆಯಲು ಕಲಿತ ಮೇಲೆ ಅವಳು ನೆಟ್ಟಗೆ ನಡೆದದ್ದೇ ಕಡಿಮೆ. ಮನೆಯ ತಾರಸಿಯ ಮೇಲೆ ಪಾರಿವಾಳದ ಗೂಡುಗಳ ನಡುವೆ ಲಾಗ ಹಾಕುತ್ತ, ಕೈಯೂರಿ ತಲೆಕೆಳಗಾಗಿ ನಡೆಯುತ್ತ ಬೆಳೆದಳು. ಶಾಲೆ ಸೇರಿದ ವರ್ಷ ಇಬ್ತಿಸಾಮ್ ಅವಳನ್ನು ಪೇಟೆಯ ಯುವಕ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ತರಬೇತುದಾರ ವಗ್ದಿ ಹೆಣ್ಣುಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದ. ಅವನು ಮಗುವನ್ನು ಬಗ್ಗಿಸಿ ನೋಡಿದ, ಸಲಾಕೆಗೆ ನೇತುಹಾಕಿ ನೋಡಿದ, ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಆಮೇಲೆ ತಾಯಿಯನ್ನು ಎದ್ದು ನಿಲ್ಲಲು ಹೇಳಿ ಅವಳನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ.

"ಹಗುರ ಎಲುಬು. ಇಂಥ ಮಕ್ಕಳು ಸಿಗೋದು ಕಷ್ಟ" ಎಂದ.

ಸಂಜೆ ಇಬ್ತಿಸಾಮ್ ಇದನ್ನು ಗಂಡನಿಗೆ ಹೇಳುತ್ತ ನಕ್ಕಳು. "ಪುಣ್ಯಕ್ಕೆ ಅಪ್ಪನ್ನ ಕರ್ಕೊಂಡು ಬನ್ನಿ ಅನ್ನಲಿಲ್ಲ. ನಿನ್ನ ನೋಡಿದ್ರೆ ಗೇಟಲ್ಲೇ ವಾಪಸ್ ಕಳಿಸ್ತಿದ್ರು."

ಮುಂದಿನ ಎರಡು ಮೂರು ವರ್ಷ ಆ ಮನೆಯ ಒಳ್ಳೆಯ ಕಾಲ. ರದ್ವಾ ಕಾಲುಗಳನ್ನು ಎಡಕ್ಕೂ ಬಲಕ್ಕೂ ಚಾಚಿ ನೆಲಕ್ಕಂಟಿ ಕೂತು ಪಾಠ ಬರೆಯುತ್ತಿದ್ದಳು. ರಜೆಯ ದಿನ ಫಿಕ್ರಿ ಯುವಕ ಕೇಂದ್ರದ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದ. ಗೇಣಗಲವೂ ಇಲ್ಲದ ತೊಲೆಯ ಮೇಲೆ ಮಗಳು ಹಿಮ್ಮುಖವಾಗಿ ಲಾಗ ಹಾಕಿ ಮತ್ತೆ ಅದೇ ತೊಲೆಯ ಮೇಲೆ ಕಾಲೂರುವಾಗ ಅವನು ಕಿಟಕಿಯ ಸರಳಿಗೆ ಹಣೆ ಒತ್ತುತ್ತಿದ್ದ. ಜಿಲ್ಲೆಯ ಸ್ಪರ್ಧೆಯಲ್ಲಿ ಅವಳು ಗೆದ್ದಾಗ ಭಟ್ಟಿಯವರಿಗೆಲ್ಲ ಶರಬತ್ತು ಕುಡಿಸಿದ.

ಒಂಬತ್ತು ತುಂಬುವ ಹೊತ್ತಿಗೆ ಅವಳ ಮೈ ಬದಲಾಗತೊಡಗಿತು. ದೊಡ್ಡವಳಾಗುವುದಕ್ಕೆ ಇನ್ನೂ ದೂರವಿತ್ತು, ಇದು ಬೇರೆ. ಭುಜ ಅಗಲವಾಯಿತು. ಹಬ್ಬಕ್ಕೆ ಕೊಂಡ ಚಪ್ಪಲಿ ಹಬ್ಬ ಕಳೆಯುವುದರೊಳಗೆ ಬಿಗಿಯಾಯಿತು. ಅಜ್ಜಿ ಹಮೀದಾ, ಫಿಕ್ರಿಯ ತಾಯಿ, ಮೊಮ್ಮಗಳ ಬೆನ್ನ ಮೇಲೆ ಕೈಯಾಡಿಸಿ, "ಬಂತು ನೋಡು ನಮ್ಮ ಕಡೆ ರಕ್ತ. ಈಗ ನನ್ನ ಮೊಮ್ಮಗಳು ಅನ್ನಿಸ್ತಾಳೆ" ಎಂದು ಹಿಗ್ಗಿದಳು. ಇಬ್ತಿಸಾಮ್ ಬಟ್ಟೆ ಒಣಹಾಕುವ ನೆಪದಲ್ಲಿ ಎದ್ದು ಹೋದಳು.

ಕ್ಯಾಪ್ಟನ್ ವಗ್ದಿ ಶನಿವಾರ ಶನಿವಾರ ಮಕ್ಕಳನ್ನು ತೂಗುತ್ತಿದ್ದ. ಅವನು ಕೂಗಾಡುವವನಲ್ಲ. ತೂಕದ ಯಂತ್ರದಿಂದ ಇಳಿದ ರದ್ವಾಳ ತಲೆ ಸವರಿ, "ಮನೇಲಿ ರೊಟ್ಟಿ ಕಮ್ಮಿ ಮಾಡಮ್ಮ" ಎಂದ, ಅಷ್ಟೇ. ಸಾಲಿನಲ್ಲಿದ್ದ ಹುಡುಗಿಯೊಬ್ಬಳು, "ಅವಳಪ್ಪನೇ ರೊಟ್ಟಿ ಮಾಡೋದು ಕ್ಯಾಪ್ಟನ್" ಎಂದಳು. ಎಲ್ಲರೂ ನಕ್ಕರು.

ಅಂದಿನಿಂದ ಮನೆಯಲ್ಲಿ ರೊಟ್ಟಿಯ ಬುಟ್ಟಿ ಅಲಮಾರಿಯ ಮೇಲಕ್ಕೆ ಹೋಯಿತು. ರದ್ವಾಳ ತಟ್ಟೆಯಲ್ಲಿ ಸೌತೆಕಾಯಿ, ಬೇಯಿಸಿದ ಮೊಟ್ಟೆ, ಒಂದಿಷ್ಟು ಮೊಸರು. ಅಜ್ಜಿ ಸುಮ್ಮನಿರಲಿಲ್ಲ.

"ಮಗೂಗೆ ಊಟ ಹಾಕ್ತಿದ್ದೀಯೋ ಕೋಳಿಗೆ ಮೇವು ಹಾಕ್ತಿದ್ದೀಯೋ?"

"ಇನ್ನೊಂದು ವರ್ಷ ಅತ್ತೆ. ಕೈರೋದಲ್ಲಿ ದೇಶದ ತಂಡಕ್ಕೆ ನಡೆಯೋ ಆಯ್ಕೆ ಒಂದು ಮುಗೀಲಿ. ಆಮೇಲೆ ನೀವೇ ತಿನ್ನಿಸಿ, ನಾನು ಬೇಡ ಅನ್ನಲ್ಲ."

"ಅಲ್ಲೀವರೆಗೆ ಮಗು ಉಳಿದ್ರೆ ತಾನೆ."

"ಕೆಟ್ಟ ಮಾತಾಡ್ಬೇಡಿ ಅತ್ತೆ. ನನ್ನ ಕೈಗೆ ಸೂಜಿ ದಾರ ಬಿಟ್ಟು ಯಾರೂ ಏನೂ ಕೊಡ್ಲಿಲ್ಲ. ಇವಳಿಗೆ ದೇವರೇ ಒಂದು ದಾರಿ ತೋರಿಸಿದ್ದಾನೆ, ಅದನ್ನ ನಾನು ಮುಚ್ಚಲಾ?"

ಇಬ್ಬರ ಮಾತಿನಲ್ಲೂ ನ್ಯಾಯವಿದೆ ಎಂದು ಫಿಕ್ರಿಗೆ ತೋರುತ್ತಿತ್ತು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಆದರೆ ಅವನನ್ನು ಹೆದರಿಸಿದ್ದು ಹೆಂಡತಿಯ ಹಟವಲ್ಲ, ಮಗಳದು. ತಾಯಿ ಕನಿಕರಪಟ್ಟು ಒಂದು ತುತ್ತು ಅನ್ನ ಹಾಕಿದರೆ ರದ್ವಾ ಅದನ್ನು ಚಮಚದಿಂದ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಮೊದಲೆಲ್ಲ ಅವನು ಭಟ್ಟಿಯಿಂದ ಬಂದ ಕೂಡಲೇ ಓಡಿಬಂದು ಅಂಗಿಗೆ ಮೂಗು ಒತ್ತಿ, "ಅಪ್ಪ, ನೀನು ಬಿಸಿ ರೊಟ್ಟಿ" ಎನ್ನುತ್ತಿದ್ದವಳು, ಒಂದು ದಿನ ಬಾಗಿಲಲ್ಲೇ ಹಿಂದೆ ಸರಿದು, "ಅಪ್ಪ, ಮೊದ್ಲು ಬಟ್ಟೆ ಬದಲಾಯ್ಸು" ಎಂದಳು.

ಮರುದಿನ ಅವನು ಭಟ್ಟಿಯಲ್ಲಿ ರಜೆ ಕೇಳಿ ಯುವಕ ಕೇಂದ್ರಕ್ಕೆ ಹೋದ. ಕ್ಯಾಪ್ಟನ್ ವಗ್ದಿ ಅವನನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವನ ಕಣ್ಣು ಫಿಕ್ರಿಯ ಭುಜದಿಂದ ಕೈಗೆ, ಕೈಯಿಂದ ಮಣಿಕಟ್ಟಿಗೆ ಇಳಿಯಿತು. ಫಿಕ್ರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಕ್ಯಾಪ್ಟನ್, ಇದು ಕೊಬ್ಬಲ್ಲ. ಇದು ನಮ್ಮ ಮನೆ ಎಲುಬು. ಉಪವಾಸ ಕೆಡವಿದ್ರೆ ಎಲುಬು ಸಣ್ಣ ಆಗತ್ತಾ?"

ವಗ್ದಿ ಕುರ್ಚಿಯೊಂದನ್ನು ಅವನ ಕಡೆ ಸರಿಸಿದ. "ಆಗಲ್ಲ" ಎಂದ.

"ಮತ್ಯಾಕೆ ಈ ಶಿಕ್ಷೆ?"

"ಕೂತ್ಕೊಳ್ಳಿ ಉಸ್ತಾದ್ ಫಿಕ್ರಿ. ನಿಮ್ಮ ಮಗಳಷ್ಟು ಶಕ್ತಿ ಇರೋ ಹುಡುಗಿ ಇಲ್ಲಿ ಇನ್ನೊಬ್ಬಳಿಲ್ಲ. ಹಗ್ಗ ಹತ್ತೋದ್ರಲ್ಲಿ ಹುಡುಗರನ್ನೂ ಹಿಂದೆ ಹಾಕ್ತಾಳೆ. ಆ ಶಕ್ತೀನೂ ನಿಮ್ಮ ಮನೇದೇ ಅಂತ ಈಗ ಗೊತ್ತಾಯ್ತು. ಆದ್ರೆ ಮೇಲಿಂದ ಧುಮುಕಿದಾಗ ಮೈಭಾರ ಎಲ್ಲ ಕಾಲ್ಗಂಟಿನ ಮೇಲೇ ಬೀಳೋದು. ಅದು ಒಂದು. ಇನ್ನೊಂದು, ಕೈರೋದಲ್ಲಿ ಆಯ್ಕೆಗೆ ಕೂರೋರು ಮಗು ಏನು ಮಾಡತ್ತೆ ಅಂತ ಆಮೇಲೆ ನೋಡೋದು. ಒಳಗೆ ಬರ್ತಿದ್ದಂಗೇ ಕಣ್ಣಲ್ಲೇ ತೂಗಿಬಿಡ್ತಾರೆ. ತೆಳ್ಳಗೆ ಕಾಣ್ಸಿದ್ರೆ ಒಂದು ಅವಕಾಶ ಸಿಗತ್ತೇನೋ ಅಂತ ನನ್ನಾಸೆ."

"ಸಿಗದೇ ಇದ್ರೆ?"

"ಸಿಗದೇ ಇರೋದೇ ಹೆಚ್ಚು."

"ಹಾಗಾದ್ರೆ ಇವತ್ತೇ ಬೇಡ ಅಂದ್ಬಿಡಿ ಅವಳಿಗೆ."

ವಗ್ದಿ ಕಿಟಕಿಯ ಕಡೆ ನೋಡಿದ. ಒಳಗೆ ರದ್ವಾ ಸಲಾಕೆಗೆ ಜೋತು ಮೈಯನ್ನು ಮೇಲೆತ್ತುತ್ತಿದ್ದಳು. ಉಳಿದವರೆಲ್ಲ ಸುಸ್ತಾಗಿ ಕೆಳಗೆ ಕೂತಿದ್ದರು. "ನೀವು ಅಪ್ಪ. ನೀವು ಹೇಳಿ" ಎಂದ. "ನಂಗೆ ಆಗ್ತಿಲ್ಲ."

ಟ್ರಾಮಿನಲ್ಲಿ ಮನೆಗೆ ಬರುವಾಗ ಹೇಳಬೇಕೆಂದು ಫಿಕ್ರಿ ಮಾತು ಜೋಡಿಸಿಕೊಂಡ. ಮಗಳು ಪಕ್ಕದಲ್ಲಿ ಕೂತು, ಕೈರೋದಲ್ಲಿ ತೊಲೆಯ ಮೇಲೆ ಹೊಸ ಮೆತ್ತೆ ಇರುತ್ತದಂತೆ, ಜಾರುವುದೇ ಇಲ್ಲವಂತೆ, ಎಂದು ಹೇಳುತ್ತಲೇ ಇದ್ದಳು. ಅವಳ ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. ಇಳಿಯುವ ನಿಲ್ದಾಣ ಬಂತು. ಅವನು ಅವಳ ಚೀಲ ಎತ್ತಿಕೊಂಡು ಇಳಿದ.

ಆಯ್ಕೆಗೆ ಇನ್ನೇನು ವಾರವಿದೆ ಎನ್ನುವಾಗ ಭಟ್ಟಿಗೆ ಫೋನು ಬಂತು. ರದ್ವಾ ತೊಲೆಯಿಂದ ಬಿದ್ದಿದ್ದಳು. ಕಷ್ಟದ ಲಾಗವನ್ನೇನೂ ಹಾಕುತ್ತಿರಲಿಲ್ಲ. ಸುಮ್ಮನೆ ನಿಂತವಳು ಕಣ್ಣು ಕತ್ತಲೆ ಬಂದು ಉರುಳಿದ್ದಳು. ಎಡ ಮುಂಗೈ ಮುರಿದಿತ್ತು. ಫಿಕ್ರಿ ಹಿಟ್ಟಿನ ಕೈಯಲ್ಲೇ ಆಸ್ಪತ್ರೆಗೆ ಓಡಿದ. ವೈದ್ಯೆ ಚಿಕ್ಕ ವಯಸ್ಸಿನವಳು. ಮಗುವಿನ ತೋಳಿನ ಚರ್ಮ ಹಿಡಿದು ನೋಡಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಕೇಳಿದಳು:

"ಮನೇಲಿ ಊಟಕ್ಕೇನಾದ್ರೂ ತೊಂದರೆನಾ?"

ಇಬ್ತಿಸಾಮ್ ಗೋಡೆಗೆ ಮುಖ ಮಾಡಿ ನಿಂತಳು. ಫಿಕ್ರಿ ತನ್ನ ಕೈ ನೋಡಿಕೊಂಡ. ಬೆರಳ ಸಂದಿಯಲ್ಲಿ ಹಿಟ್ಟು ಒಣಗಿತ್ತು.

"ಇಲ್ಲ" ಎಂದ. "ತೊಂದರೆ ಏನಿಲ್ಲ."

"ಹಾಗಾದ್ರೆ ತಿನ್ನಿಸಿ. ಬೆಳೆಯೋ ಮಗು ಇದು" ಎಂದು ಹೇಳಿ ವೈದ್ಯೆ ಮುಂದಿನ ಹಾಸಿಗೆಗೆ ಹೋದಳು.

ಕೈಗೆ ಪ್ಲಾಸ್ಟರ್ ಹಾಕುವಾಗ ರದ್ವಾ ಅಳಲಿಲ್ಲ. ಎಲ್ಲ ಮುಗಿದ ಮೇಲೆ ಅಪ್ಪನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು: "ತೂಗುವಾಗ ಈ ಪ್ಲಾಸ್ಟರ್ ಭಾರ ಕಳೀತಾರೆ ಅಲ್ವಾ ಅಪ್ಪ?"

ಕೆಲವು ದಿನ ಬಿಟ್ಟು ಕ್ಯಾಪ್ಟನ್ ವಗ್ದಿ ಸೀಬೆಹಣ್ಣಿನ ಚೀಲ ಹಿಡಿದು ಮನೆಗೆ ಬಂದ. ಅವಳ ಬದಲು ಬೇರೆ ಹುಡುಗಿ ಕೈರೋಗೆ ಹೋಗುತ್ತಾಳೆ ಎಂದ. ಮುಂದಿನ ವರ್ಷದ ಮಾತನ್ನು ಎತ್ತಲಿಲ್ಲ. ರದ್ವಾ "ಆಯ್ತು ಕ್ಯಾಪ್ಟನ್" ಎಂದು ಸೌಜನ್ಯದಿಂದಲೇ ಹೇಳಿ, ಬಾಗಿಲವರೆಗೆ ಹೋಗಿ ಕಳಿಸಿ ಬಂದಳು. ಆಮೇಲೆ ಅಪ್ಪನ ಎದುರು ಕೂತಳು.

"ಈ ಎಲುಬು ನಿಂದಂತೆ. ಅಮ್ಮ ಅಜ್ಜಿ ಹತ್ರ ಹೇಳ್ತಿದ್ಲು. ಹೌದಾ?"

"ಹೌದು ಕಂದ."

"ಬದಲಾಯ್ಸೋಕೆ ಆಗಲ್ವಾ?"

ಫಿಕ್ರಿ, ಇಂಥ ಮೈ ಬಂದರಿನಲ್ಲಿ ಎಷ್ಟು ಜನರ ಹೊಟ್ಟೆ ಹೊರೆದಿದೆ ಎಂದು ಹೇಳಲು ಹೊರಟವನು, ಹತ್ತು ವರ್ಷದ ಹುಡುಗಿಗೆ ಅದರಿಂದೇನು ಎನ್ನಿಸಿ, ಅವಳ ಪ್ಲಾಸ್ಟರಿನ ಕೈಯ ಕೆಳಗೆ ದಿಂಬು ಸರಿಸಿದ.

ಆ ವಾರ ಇಬ್ತಿಸಾಮ್ ತನಗೆ ಬರುವುದನ್ನೆಲ್ಲ ಅಡುಗೆ ಮಾಡಿದಳು. ಅನ್ನ ತುಂಬಿದ ಎಲೆಕೋಸಿನ ಸುರುಳಿ, ಕೋಳಿ ಹಾಕಿದ ಸೊಪ್ಪಿನ ಸಾರು, ಒಲೆಯಲ್ಲಿ ಬೇಯಿಸಿದ ಮಕರೋನಿ. ರೊಟ್ಟಿಯ ಬುಟ್ಟಿ ಅಲಮಾರಿಯಿಂದ ಇಳಿದು ಮಧ್ಯಕ್ಕೆ ಬಂತು. ರದ್ವಾ ಸೌತೆಕಾಯಿ ಎತ್ತಿಕೊಂಡಳು.

"ನನ್ನಾಣೆ, ಒಂದು ತುತ್ತು."

"ಹೊಟ್ಟೆ ತುಂಬಿದೆ ಅಮ್ಮ."

ಅಜ್ಜಿ ಗದರಿದಳು, ಆಮೇಲೆ ಬೇಡಿಕೊಂಡಳು, ಆಮೇಲೆ ತಾನೂ ತಟ್ಟೆ ಸರಿಸಿದಳು. ಇಬ್ತಿಸಾಮ್ ಅಡುಗೆಮನೆಯಲ್ಲಿ ಮುಖಕ್ಕೆ ಅಂಗೈ ಒತ್ತಿಕೊಂಡು ನಿಂತಿದ್ದಳು. "ನಾನೇ ಕಲಿಸ್ದೆ" ಎಂದಳು, ಹಿಂದೆ ಬಂದ ಗಂಡನಿಗೆ. "ಈಗ ನನ್ನ ಕೈಲೇ ಬಿಡಿಸೋಕೆ ಆಗ್ತಿಲ್ಲ." ಅವನು ಅವಳನ್ನು ಬಯ್ಯಲಿಲ್ಲ. ಬಯ್ಯಲು ಸಿಟ್ಟು ಬೇಕು. ಅವನಲ್ಲಿ ಅದೂ ಉಳಿದಿರಲಿಲ್ಲ.

ಇದಾಗಿ ನಾಲ್ಕು ವರ್ಷವಾಯಿತು. ರದ್ವಾ ಈಗ ಉಣ್ಣುತ್ತಾಳೆ, ಆದರೆ ಎಲ್ಲರ ಜೊತೆ ಅಲ್ಲ. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತೇ ಉಣ್ಣುತ್ತಾಳೆ. ಯಾರಾದರೂ ಬಂದರೆ ತಟ್ಟೆ ಮುಚ್ಚುತ್ತಾಳೆ. ಮೈ ಪೂರ್ತಿ ಅಪ್ಪನದಾಗಿದೆ. ಗ್ಯಾಸ್ ಸಿಲಿಂಡರನ್ನು ಭುಜದ ಮೇಲಿಟ್ಟು ನಾಲ್ಕು ಮಹಡಿ ಹತ್ತುತ್ತಾಳೆ, ಏದುಸಿರು ಬಿಡುವುದಿಲ್ಲ. ಪಕ್ಕದ ಮನೆಯವರು, "ದೇವರು ಕಾಪಾಡ್ಲಿ, ಹತ್ತು ಗಂಡುಮಕ್ಕಳಿಗೆ ಸಮ" ಎಂದು ಮೆಚ್ಚಿಕೊಂಡರೆ ಸಿಲಿಂಡರ್ ಇಳಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಶಾಲೆಯ ಆಟದ ಟೀಚರ್ ಗುಂಡು ಎಸೆಯುವುದಕ್ಕೆ ಕರೆದಿದ್ದರು. ಬೇಡ ಎಂದಳು. ಯಾಕೆ ಎಂದು ಕೇಳಲು ಫಿಕ್ರಿಗೆ ಧೈರ್ಯ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಇಬ್ತಿಸಾಮ್‌ಳ ತಮ್ಮನ ಮದುವೆಯಾಯಿತು. ಫೋಟೋ ತೆಗೆಯಲು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ತಾಯಿಯ ಕಡೆಯ ಬಳುಕು ಮೈಯ ಹುಡುಗಿಯರು ಮುಂದೆ ನಿಂತರು. ರದ್ವಾ ಎಲ್ಲರ ಹಿಂದೆ ಹೋಗಿ, ಮೊಣಕಾಲು ಬಗ್ಗಿಸಿ, ಭುಜ ಒಳಕ್ಕೆ ಎಳೆದುಕೊಂಡು ನಿಂತಳು.

"ಹಿಂದಿರೋ ಹುಡುಗಿ, ಮುಂದೆ ಬಾರಮ್ಮ, ಕಾಣ್ತಿಲ್ಲ" ಎಂದ ಫೋಟೋದವನು.

ಅವಳು ಕದಲಲಿಲ್ಲ. ಅವನು ಮತ್ತೆ ಕರೆದ. ಜನ ತಿರುಗಿ ನೋಡತೊಡಗಿದರು. ಗಂಡಸರ ಸಾಲಿನಲ್ಲಿದ್ದ ಫಿಕ್ರಿ ಕ್ಷಮೆ ಕೇಳುತ್ತ ಎಲ್ಲರನ್ನೂ ದಾಟಿ ಬಂದು, ಮಗಳಿಗೆ ಬೆನ್ನು ಕೊಟ್ಟು, ಅವಳು ಪೂರ್ತಿ ಮರೆಯಾಗುವಂತೆ ಎದುರಿಗೆ ನಿಂತ.

"ಹೀಗೇ ತೆಗಿಯಪ್ಪ" ಎಂದ.