ಬಾಣಂತಿ ಕೋಣೆಯಲ್ಲಿ ನರ್ಸಬಾಯಿ

ನನ್ನ ಮೊದಲ ಮೊಮ್ಮಗಳು ಹುಟ್ಟಿದ ದಿನ ನಾನು ನಕ್ಕೆನೋ ಅತ್ತೆನೋ, ಎರಡೂ ಇರಬೇಕು. ಎಮರ್ಜೆನ್ಸಿಯ ಕಾಲ. ಝಳಕಿ ಹತ್ತಿರದ ನಮ್ಮೂರಲ್ಲಿ ಜೀಪಿನ ಸದ್ದಾದರೆ ಸಾಕು, ಹಿಡಿದು ಮಕ್ಕಳಾಗದ ಆಪರೇಶನ್ ಮಾಡಿಸುತ್ತಾರೆಂದು ಗಂಡಸರು ಜೋಳದ ಹೊಲ ಹೊಗುತ್ತಿದ್ದರು. ನನ್ನ ಮೈದುನನನ್ನು ಸಂತೆಯಿಂದಲೇ ಒಯ್ದಿದ್ದರು. ಆಮೇಲೆ ಅವನು ಯಾರೊಂದಿಗೂ ನೆಟ್ಟಗೆ ಮಾತಾಡಿರಲಿಲ್ಲ.

ಮಗಳ ಹೆರಿಗೆ ತಡೆದಾಗ ಇಂಡಿಯಿಂದ ಬಸ್ಸಿಗೆ ಬಂದ ನರ್ಸಬಾಯಿಯೇ ಕೈ ಹಚ್ಚಿದಳು. ಕೂಸು ಅತ್ತಿತು. ನಾನು ಊರಿಗೆಲ್ಲ ಬೆಲ್ಲ ಹಂಚುವ ಅವಸರದಲ್ಲಿದ್ದೆ. ಅಷ್ಟರಲ್ಲಿ ಕೆಂಡ ಕೇಳಲು ಬಂದ ನೆರೆಯವಳು ಒಲೆಯ ಮೇಲೆ ಕುದಿಯುತ್ತಿದ್ದ ಕತ್ತರಿ ನೋಡಿ, ಕೆಂಡ ಬಿಟ್ಟು ಓಡಿದಳು. ಬಾಣಂತಿಗೂ ಆಪರೇಶನ್ ನಡೆದಿದೆ ಎಂದು ಸುದ್ದಿ ಹಬ್ಬಿತು. ಬಡಿಗೆ ಹಿಡಿದ ಗಂಡಸರು ಅಂಗಳ ತುಂಬಿದರು. ಮುಂದೆ ಮೈದುನನೇ.

“ವೈನಿ, ಆಕಿನ್ನ ಹೊರಗ ಕಳಸು. ಇವತ್ತ ಆಕಿ ಕೈ ಮುರೀತೇನಿ.”

ನರ್ಸಬಾಯಿ ಚೀಲ ಅವಚಿಕೊಂಡು ಮಗಳ ಹೊರಸಿನ ಪಕ್ಕ ಗೋಡೆಗೆ ಅಂಟಿದ್ದಳು. ಐದನೆಯ ದಿನದ ಪೂಜೆಯಾಗುವ ತನಕ ಬಾಣಂತಿ ಕೋಣೆಯ ಹೊಸ್ತಿಲನ್ನು ಗಂಡಸರು ದಾಟುವಂತಿಲ್ಲ. ಅವಳನ್ನು ಕಾಯುತ್ತಿದ್ದದ್ದು ಅದೊಂದೇ. ಆದರೆ ಬಸ್ಸಿನ ಹೊತ್ತಾಗಿತ್ತು, ಅವಳು ಹೊರಗೆ ಬರಲೇಬೇಕು. ಮೈದುನನ ಸಿಟ್ಟು ಸುಳ್ಳೇ? ಅಲ್ಲ. ಕೂಸನ್ನು ಉಳಿಸಿದ ಆ ಕೈ ಸುಳ್ಳೇ? ಅದೂ ಅಲ್ಲ.

ಮಾಡಬಾರದ್ದನ್ನು ಮಾಡಿದೆ. ಪೂಜೆಗೆ ಮೊದಲೇ ಕೂಸನ್ನು ಹೊರಗೆ ತಂದು ಅವನಿಗೇ ಚಾಚಿದೆ. ಉಪಾಯವೋ, ತೋರಿಸುವ ಹಿಗ್ಗೋ, ನನಗೇ ಗೊತ್ತಿಲ್ಲ.

“ನೋಡಪಾ, ಮೂಗು ನಿಮ್ಮವ್ವಂದ.”

ಕೂಸು ಹಿಡಿಯಲು ಅವನು ಬಡಿಗೆ ಬಿಡಬೇಕಾಯಿತು. “ನನಗೂ ಪುರುಡಿನ ಮೈಲಿಗಿ ಹತ್ತಿಸಿದೆಲ್ಲ ವೈನಿ,” ಎಂದು ಗೊಣಗಿದ.

“ಜಳಕ ಮಾಡೂತನಕ ನಮ್ಮನ್ನ ಮುಟ್ಟಬ್ಯಾಡ ಮತ್ತ,” ಎಂದು ಹಿಂದೆ ಯಾರೋ ನಕ್ಕರು.

ಒಳಗಿಂದ ನರ್ಸಬಾಯಿ ತಡೆಯಲಾರದೆ, “ಕುತ್ತಿಗಿ ಕೆಳಗ ಕೈ ಇಡ್ರಿ, ತಲಿ ಜೋಲತೈತಿ,” ಎಂದಳು. ಅವನು ಇಟ್ಟ.

“ಕಾಕಾ, ಹೊಕ್ಕಳಬಳ್ಳಿ ಕೊಯ್ದಾರಷ್ಟ. ನನಗೇನೂ ಮಾಡಿಲ್ಲ,” ಎಂದಳು ಮಗಳು.

ಬಹಳ ಹೊತ್ತು ಅವನು ಕೂಸಿನ ಮುಖವನ್ನೇ ನೋಡಿದ. ಕೂಸನ್ನು ನನಗೆ ಕೊಟ್ಟು ಮತ್ತೆ ಬಡಿಗೆ ಎತ್ತಿಕೊಂಡ. “ಬರ್ರಿ ಬಾಯಾರ, ಬಸ್ಸ ಹೋಗತೈತಿ,” ಎಂದು ಅವನು ಮುಂದೆ ನಡೆದ. ಅವಳು ಹಿಂದೆ. ಉಳಿದವರು ದಾರಿ ಬಿಟ್ಟರು. ಬಡಿಗೆ ಅವಳಿಗೋ, ಅವಳ ಮೇಲೆ ಬರುವವರಿಗೋ ತಿಳಿಯದೆ, ಬಸ್ಸಿನ ಧೂಳು ಕಾಣುವ ತನಕ ಬಾಗಿಲಲ್ಲೇ ನಿಂತೆ.

ತಿರುಗಿ ಬಂದವನು ಕಟ್ಟೆಯ ಮೇಲೆ ಕೂತ. “ಬಸ್ಸಿನ್ಯಾಗ ಕುಂಡ್ರಿಸಿ ಬಂದ್ನಿ. ಆಕೀನೂ ನಡಗಾಕತ್ತಿದ್ಲು. ಮತ್ತ ಯಾವಾಗ ಬರ್ತಾಳಂತ?”

“ಹೊಕ್ಕಳ ನೋಡಾಕ ಬರ್ತೇನಿ ಅಂದಾಳ.”

“ಬಂದ್ರ ಮೊದಲ ನನಗ ಹೇಳಿ ಕಳಸು.”

ಅವಳನ್ನು ಕಾಯುವುದಕ್ಕೋ, ಬೈಯುವುದಕ್ಕೋ? ಹಂಚಲು ಇಟ್ಟಿದ್ದ ಬೆಲ್ಲದ ಮೊದಲ ಚೂರನ್ನು ನಾನು ಅವನ ಕೈಗೇ ಇಟ್ಟೆ.